ಕಳಿಸದ ಅರ್ಜಿಗೆ ಉತ್ತರ ಬರುವುದಿಲ್ಲ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)





ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಈಗಷ್ಟೇ ಬಹುಮಾನ ಕೊಟ್ಟಿದ್ದೇವೆ. ಅವರಿಗೂ ಅವರ ಹೆತ್ತವರಿಗೂ ನನ್ನ ಮುಬಾರಕ್. ನನಗೆ ಕೊಟ್ಟಿರುವ ಸಮಯದಲ್ಲಿ ನಾನು ಅಂಕಪಟ್ಟಿಯಲ್ಲಿ ಕಾಣದ ಒಂದು ಸಂಗತಿಯನ್ನು ಹೇಳಬೇಕೆಂದಿದ್ದೇನೆ. ತಂತ್ರಜ್ಞಾನ ಸಮ್ಮೇಳನದಲ್ಲಿ ಮಾತನಾಡಲು ಅವಕಾಶ ಕೇಳಿ ಪ್ರಸ್ತಾವ ಕಳಿಸುವುದು ಹೇಗೆ ಎಂಬುದೇ ನನ್ನ ವಿಷಯ. ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಈ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ನಗುತ್ತಿರಬಹುದು. ನಗಿರಿ, ಆದರೆ ಕೊನೆಯವರೆಗೂ ಕೇಳಿ.

ಎರಡು ವರ್ಷಗಳ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಗ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದಳು. ಒಂದು ದಿನ ಶಾಲೆಗೆ ಬಂದಳು. ನಮ್ಮ ಶಾಲೆಯ ಹಳೆಯ ಕನ್ನಡ ಪ್ರಶ್ನೆಪತ್ರಿಕೆಗಳೆಲ್ಲ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಆದವು. ಅವನ್ನು ಮೊಬೈಲಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆ ಹುಡುಗಿ ಪೈಥಾನ್ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದು ಆ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸಿದ್ದಳು. ಎಲ್ಲ ಸರಿಹೋಗಿ ಅರ್ಕಾವೊತ್ತು ಮಾತ್ರ ಕಾಡಿಸಿತಂತೆ. ಹಳೆಯ ಫಾಂಟಿನಲ್ಲಿ ‘ಸೂರ್ಯ’ ಎಂದು ಬರೆದಾಗ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಯಕಾರದ ನಂತರ, ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಇದನ್ನು ಸರಿಯಾಗಿ ಹಿಂದಕ್ಕೆ ತರದಿದ್ದರೆ ‘ಸಾಮರ್ಥ್ಯ’ ಹೋಗಿ ‘ಸಾಮಥ್ರ್ಯ’ ಆಗುತ್ತದೆ. ಅಂಥ ತಪ್ಪುಗಳನ್ನು ನೀವೂ ಎಷ್ಟೋ ಕಡೆ ನೋಡಿರುತ್ತೀರಿ. ಅದನ್ನು ಸರಿಪಡಿಸಲು ಅವಳಿಗೆ ಮೂರು ವಾರ ಹಿಡಿದಿತ್ತು.

ಆ ದಿನಗಳಲ್ಲೇ ಒಂದು ಸಮ್ಮೇಳನದವರು ಉಪನ್ಯಾಸಗಳಿಗೆ ಪ್ರಸ್ತಾವ ಕರೆದಿದ್ದರು. “ಕಳಿಸಬಹುದಲ್ಲ?” ಎಂದು ಕೇಳಿದೆ. “ಸರ್, ಅಲ್ಲಿ ದೊಡ್ಡ ದೊಡ್ಡ ಕಂಪನಿಯವರು ಮಾತಾಡ್ತಾರೆ. ನಾನು ಹೋಗಿ ಅರ್ಕಾವೊತ್ತಿನ ಕಥೆ ಹೇಳಿದ್ರೆ ನಗ್ತಾರೆ” ಎಂದಳು. ನಾನು ಒತ್ತಾಯಿಸಬೇಕಿತ್ತು. “ಆಯ್ತಮ್ಮ, ಮುಂದಿನ ವರ್ಷ ನೋಡೋಣ” ಎಂದುಬಿಟ್ಟೆ. ಮುಂದಿನ ವರ್ಷದ ಹೊತ್ತಿಗೆ ಡಿಪ್ಲೊಮಾ ಮುಗಿಸಿ ಅವಳು ಕೆಲಸಕ್ಕೆ ಸೇರಿದ್ದಳು. ಆ ಪ್ರೋಗ್ರಾಂ ಇದ್ದದ್ದು ಕಾಲೇಜಿನ ಕಂಪ್ಯೂಟರಿನಲ್ಲಿ. ಅದನ್ನು ಯಾರೋ ಅಳಿಸಿ ಹೊಸದಾಗಿ ಸಿದ್ಧಪಡಿಸಿದರು. ಮೂರು ವಾರಗಳ ಮೆಹನತ್ ಹೋಯಿತು. ಅವಳನ್ನು ಯಾರೂ ತಿರಸ್ಕರಿಸಿರಲಿಲ್ಲ. ಅವಳೇ ತನ್ನನ್ನು ತಿರಸ್ಕರಿಸಿಕೊಂಡಳು, ಗುರುವಾದ ನಾನು ಅದಕ್ಕೆ ತಲೆಯಾಡಿಸಿದೆ.

ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂದ ಮೇಲೆ ನಮ್ಮ ಸಭೆಗಳಲ್ಲಿ ಅಂಕಿಅಂಶಗಳ ಚರ್ಚೆ ಸಾಕಷ್ಟು ನಡೆದಿದೆ, ನಡೆಯಲೂ ಬೇಕು. ಆದರೆ ಯಾವ ಸಮಿತಿಯೂ ಲೆಕ್ಕ ಹಾಕಲಾಗದ ಒಂದು ಸಂಖ್ಯೆ ಇದೆ. ಅದು ನಾವು ಬರೆಯದೆ ಬಿಟ್ಟ, ಬರೆದೂ ಕಳಿಸದೆ ಬಿಟ್ಟ ಅರ್ಜಿಗಳ ಸಂಖ್ಯೆ. ತಾರತಮ್ಯ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕಳಿಸದ ಅರ್ಜಿಗೆ ನ್ಯಾಯವಾಗಲಿ ಅನ್ಯಾಯವಾಗಲಿ ಮಾಡುವ ಅವಕಾಶವೇ ಯಾರಿಗೂ ಇರುವುದಿಲ್ಲ.

ಈಗ ಈ ಸಮ್ಮೇಳನಗಳೆಂದರೆ ಏನೆಂದು ನೋಡೋಣ. ಇವು ನಮ್ಮಿಂದ ದೂರದವಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ಆರಂಭವಾಯಿತು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿ 2012ರವರೆಗೆ ನಡೆಯಿತು. ಪೈಥಾನ್ ಬಳಸುವವರ ಸಮ್ಮೇಳನವಾದ ‘ಪೈಕಾನ್ ಇಂಡಿಯಾ’ ಮೊದಲ ಬಾರಿ ನಡೆದದ್ದು 2009ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅದು 2019ರಲ್ಲಿ ಚೆನ್ನೈ, 2023ರಲ್ಲಿ ಹೈದರಾಬಾದ್ ಸುತ್ತಿ 2024ರಲ್ಲಿ ಮತ್ತೆ ಬೆಂಗಳೂರಿಗೆ ಬಂದಿತು. ವಿಕಿಪೀಡಿಯ ಬರೆಯುವವರ ರಾಷ್ಟ್ರೀಯ ಸಮ್ಮೇಳನ 2011ರಲ್ಲಿ ಮುಂಬೈ, 2016ರಲ್ಲಿ ಚಂಡೀಗಢ, 2023ರಲ್ಲಿ ಹೈದರಾಬಾದಿನಲ್ಲಿ ನಡೆಯಿತು. ಚಂಡೀಗಢದ ಆ ವೇದಿಕೆಯಿಂದಲೇ ನಮ್ಮ ಕರಾವಳಿಯ ತುಳು ಭಾಷೆಯ ವಿಕಿಪೀಡಿಯ ಲೋಕಾರ್ಪಣೆಯಾದದ್ದು. ತುಳುವಿನಂಥ ಭಾಷೆಗೆ ಅಲ್ಲಿ ಜಾಗವಿದ್ದರೆ ನಮ್ಮ ಉರ್ದು, ಕನ್ನಡ, ಬ್ಯಾರಿ, ದಖ್ಖನಿಗೂ ಜಾಗ ಇದ್ದೇ ಇದೆ.

ಇಂಥ ಸಮ್ಮೇಳನಗಳು ನಡೆಯುವ ಕೆಲವು ತಿಂಗಳ ಮೊದಲೇ ಒಂದು ಪ್ರಕಟಣೆ ಬರುತ್ತದೆ. ಅದನ್ನು ‘ಕಾಲ್ ಫಾರ್ ಪ್ರಪೋಸಲ್ಸ್’ ಎನ್ನುತ್ತಾರೆ, ಚಿಕ್ಕದಾಗಿ ಸಿಎಫ್‌ಪಿ. ಯಾವ ವಿಷಯಗಳು ಬೇಕು, ಎಷ್ಟು ಸಮಯ, ಯಾವ ಭಾಷೆ, ಕೊನೆಯ ದಿನಾಂಕ ಯಾವುದು ಎಲ್ಲವೂ ಅದರಲ್ಲಿ ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಸಾಮಾನ್ಯವಾಗಿ ಇಷ್ಟೇ: ಶೀರ್ಷಿಕೆ, ನಾಲ್ಕೈದು ವಾಕ್ಯಗಳ ಸಾರಾಂಶ, ಮಾತಿನ ವಿವರವಾದ ರೂಪರೇಷೆ, ಕೇಳುಗರು ಯಾರು, ಮತ್ತು ನಿಮ್ಮ ಕಿರು ಪರಿಚಯ. ಒಂದು ಆಯ್ಕೆ ಸಮಿತಿ ಅವನ್ನು ಓದಿ ಅಂಕ ಕೊಡುತ್ತದೆ. ಕೆಲವು ಸಮ್ಮೇಳನಗಳಲ್ಲಿ ಮೊದಲ ಸುತ್ತಿನಲ್ಲಿ ಬರೆದವರ ಹೆಸರನ್ನೂ ಊರನ್ನೂ ಮುಚ್ಚಿಡುತ್ತಾರೆ. ನೀವು ಯಾರ ಮಗ, ಯಾವ ಕಾಲೇಜು, ಯಾವ ಕೋಮು ಎಂಬುದು ಆಗ ಓದುವವರಿಗೆ ಗೊತ್ತಿರುವುದಿಲ್ಲ. ಬರೆದದ್ದು ಮಾತ್ರ ಅವರ ಮುಂದಿರುತ್ತದೆ. ನಮ್ಮ ಪರೀಕ್ಷೆಯ ಉತ್ತರಪತ್ರಿಕೆಗೆ ಗುಪ್ತ ಸಂಖ್ಯೆ ಹಾಕುವ ಹಾಗೆಯೇ ಇದು.

ಇಷ್ಟು ಹೇಳಿದ ಮೇಲೆ ನನ್ನ ಸ್ವಂತ ಸೋಲನ್ನೂ ಹೇಳದಿದ್ದರೆ ಅದು ಪ್ರಾಮಾಣಿಕತೆ ಆಗುವುದಿಲ್ಲ. ಆ ಹುಡುಗಿಯ ವಿಷಯ ಮನಸ್ಸನ್ನು ಕೊರೆಯುತ್ತಿತ್ತು. ಮಕ್ಕಳಿಗೆ ಹೇಳುವ ಮೊದಲು ನಾನೇ ಒಮ್ಮೆ ಕಳಿಸಿ ನೋಡಬೇಕೆಂದು ಕುಳಿತೆ. ‘ಶಿಕ್ಷಣದಲ್ಲಿ ಮಾಹಿತಿ ತಂತ್ರಜ್ಞಾನದ ಮಹತ್ವ’ ಎಂಬ ಶೀರ್ಷಿಕೆ ಕೊಟ್ಟೆ. ಇಪ್ಪತ್ತೊಂದನೆಯ ಶತಮಾನ, ಜಾಗತೀಕರಣ, ಡಿಜಿಟಲ್ ಕ್ರಾಂತಿ ಎಲ್ಲವನ್ನೂ ಅದರಲ್ಲಿ ತುಂಬಿದೆ. ಬಿ.ಎಡ್. ತರಗತಿಯಲ್ಲಿ ಅಂಥ ಪ್ರಬಂಧಕ್ಕೆ ಒಳ್ಳೆಯ ಅಂಕ ಬರುತ್ತಿತ್ತು. ಇಲ್ಲಿ ತಿರಸ್ಕೃತವಾಯಿತು. ಕೊನೆಯಲ್ಲಿ ಒಂದು ಸಾಲಿನ ಅಭಿಪ್ರಾಯವಿತ್ತು: ಈ ಮಾತನ್ನು ಯಾರು ಬೇಕಾದರೂ ಹೇಳಬಹುದು, ಇದರಲ್ಲಿ ನೀವು ಕಂಡದ್ದು, ಮಾಡಿದ್ದು ಏನೂ ಇಲ್ಲ ಎಂಬರ್ಥದ್ದು. ಎರಡು ದಿನ ಬೇಸರವಾಯಿತು. ಮೂರನೆಯ ದಿನ ಅದು ನಿಜವೆಂದು ಅನ್ನಿಸಿತು.

ಹಾಗಾದರೆ ನಾನು ಕಂಡದ್ದು ಏನು? ಪ್ರತಿ ಪರೀಕ್ಷೆಯ ಮುಂಚೆ ನಾನು ರಾತ್ರಿಯೆಲ್ಲ ಪರದಾಡುವ ಒಂದು ಕೆಲಸವಿದೆ. ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡದ ಪ್ರಶ್ನೆಪತ್ರಿಕೆ ತಯಾರಿಸುವಾಗ ಒಂದೇ ಸಾಲಿನಲ್ಲಿ ಎರಡು ಲಿಪಿ ಬರುತ್ತದೆ. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ, ಕನ್ನಡ ಎಡದಿಂದ ಬಲಕ್ಕೆ. ಉರ್ದು ವಾಕ್ಯದ ನಡುವೆ ಒಂದು ಕನ್ನಡ ಪದ ಇಟ್ಟ ಕೂಡಲೇ ವಾಕ್ಯದ ಮೊದಲರ್ಧ ಎಡಕ್ಕೂ ಉಳಿದರ್ಧ ಬಲಕ್ಕೂ ಹೋಗಿ ಕೂರುತ್ತವೆ. ಬಲದಿಂದ ಓದುವ ಮಗುವಿಗೆ ವಾಕ್ಯದ ಬಾಲ ಮೊದಲು ಸಿಗುತ್ತದೆ, ತಲೆ ಕೊನೆಗೆ. ಒಮ್ಮೆ ಹೀಗೆ ಅಚ್ಚಾದ ಪ್ರಶ್ನೆಗೆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಪ್ಪು ಉತ್ತರ ಬರೆದರು. ತಪ್ಪು ಅವರದಾಗಿರಲಿಲ್ಲ.

ಇದರ ಕಾರಣವನ್ನು ಹುಡುಕಿ ಓದಿದೆ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ದಿಕ್ಕಿನ ಗುಣವಿದೆ. ಉರ್ದು ಅಕ್ಷರಕ್ಕೆ ಬಲದಿಂದ ಎಡಕ್ಕೆ, ಕನ್ನಡ ಅಕ್ಷರಕ್ಕೆ ಎಡದಿಂದ ಬಲಕ್ಕೆ. ಖಾಲಿ ಜಾಗ, ಆಶ್ಚರ್ಯ ಚಿಹ್ನೆ ಮುಂತಾದವಕ್ಕೆ ತಮ್ಮದೇ ದಿಕ್ಕಿಲ್ಲ, ಸುತ್ತಲಿನವರನ್ನು ನೋಡಿ ನಡೆಯುತ್ತವೆ. ಎಲ್ಲಕ್ಕೂ ಮೇಲೆ ಇಡೀ ಪ್ಯಾರಾಕ್ಕೆ ಒಂದು ದಿಕ್ಕು ಇರುತ್ತದೆ. ನಾನು ಪ್ಯಾರಾದ ದಿಕ್ಕನ್ನು ಎಡದಿಂದ ಬಲಕ್ಕೇ ಬಿಟ್ಟು ಉರ್ದು ಬರೆಯುತ್ತಿದ್ದೆ. ಮೂಲ ತಪ್ಪು ಅದು. ಇದಲ್ಲದೆ ವಾಕ್ಯದ ಒಂದು ತುಂಡನ್ನು ಬೇರೆಯಾಗಿ ಕಟ್ಟಿಡುವ ಕಣ್ಣಿಗೆ ಕಾಣದ ಚಿಹ್ನೆಗಳನ್ನು ಯೂನಿಕೋಡ್ 2013ರಲ್ಲಿ ಸೇರಿಸಿದೆ. ಅವು ಅಂದಿನಿಂದ ಇವೆ, ನನಗೆ ಗೊತ್ತಿರಲಿಲ್ಲ. ನನ್ನಂಥ ಎಷ್ಟೋ ಶಿಕ್ಷಕರಿಗೂ ಗೊತ್ತಿಲ್ಲ. ಇತ್ತ ತಂತ್ರಾಂಶ ಬರೆಯುವ ಎಷ್ಟೋ ಜನರಿಗೆ ಉರ್ದು ಮತ್ತು ಕನ್ನಡ ಒಂದೇ ಸಾಲಿನಲ್ಲಿ ಬರುವ ಶಾಲೆಗಳಿವೆ ಎಂಬುದೇ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿಲ್ಲ, ನಮಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿಲ್ಲ. ಸಮ್ಮೇಳನ ಎಂಬುದು ಇರುವುದೇ ಈ ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಲು.

ಮತ್ತೆ ಪ್ರಸ್ತಾವ ಬರೆದೆ. ಶೀರ್ಷಿಕೆ: ‘ಒಂದು ಪ್ರಶ್ನೆಪತ್ರಿಕೆ, ಎರಡು ದಿಕ್ಕು: ಉರ್ದು ಮತ್ತು ಕನ್ನಡ ಒಂದೇ ಸಾಲಿನಲ್ಲಿ ಬಂದಾಗ’. ಸಾರಾಂಶ ಹೀಗಿತ್ತು: ‘ಉರ್ದು ಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕರು ಒಂದೇ ವಾಕ್ಯದಲ್ಲಿ ಎರಡೂ ಲಿಪಿಗಳನ್ನು ಟೈಪ್ ಮಾಡಬೇಕಾಗುತ್ತದೆ. ಆಗ ವಾಕ್ಯದ ತುಂಡುಗಳು ಸ್ಥಾನ ಬದಲಿಸಿ ಪ್ರಶ್ನೆಯ ಅರ್ಥ ಕೆಡುತ್ತದೆ. ಇದು ಏಕೆ ಆಗುತ್ತದೆ, ಶಿಕ್ಷಕರು ಏನು ಮಾಡಬಹುದು, ತಂತ್ರಾಂಶ ಬರೆಯುವವರು ಏನು ಮಾಡಬೇಕು ಎಂಬುದನ್ನು ಒಂದು ನಿಜವಾದ ಪ್ರಶ್ನೆಪತ್ರಿಕೆಯಿಂದ ತೋರಿಸುತ್ತೇನೆ. ಕೇಳುಗರಿಗೆ ಉರ್ದು ಅಥವಾ ಕನ್ನಡ ಬರಬೇಕಾಗಿಲ್ಲ.’ ಇಷ್ಟೇ. ಇದರಲ್ಲಿ ಜಾಗತೀಕರಣವಿಲ್ಲ, ಕ್ರಾಂತಿಯಿಲ್ಲ. ಕೇಳಿದ್ದು ಇಪ್ಪತ್ತು ನಿಮಿಷ, ಕೊಟ್ಟದ್ದು ಐದು ನಿಮಿಷ. ಇಂಥ ಐದು ನಿಮಿಷದ ಮಾತಿಗೆ ‘ಲೈಟ್ನಿಂಗ್ ಟಾಕ್’ ಎನ್ನುತ್ತಾರೆ. ಐದು ನಿಮಿಷ ಮಾತಾಡಿ ಕೆಳಗಿಳಿದ ಮೇಲೆ ಇಬ್ಬರು ಯುವಕರು ಬಂದು ಆ ಪ್ರಶ್ನೆಪತ್ರಿಕೆಯ ಪ್ರತಿ ಕೇಳಿ ಪಡೆದರು. ಅದರಲ್ಲೊಬ್ಬರು ಕೇರಳದವರು, ಅರಬಿ ಮತ್ತು ಮಲಯಾಳ ಒಟ್ಟಿಗೆ ಬರೆಯುವಾಗ ಇದೇ ತೊಂದರೆ ಇದೆ ಎಂದರು. ನನ್ನ ಮನೆಯ ಸಮಸ್ಯೆ ಎಂದುಕೊಂಡದ್ದು ಇನ್ನೆಷ್ಟು ಮನೆಗಳದ್ದೋ ಎಂದು ಅಂದು ತಿಳಿಯಿತು.

ಈ ಅನುಭವದಿಂದ ನಿಮಗೆ ಕೆಲವು ಮಾತು ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಮೊದಲನೆಯದಾಗಿ, ದೊಡ್ಡ ವಿಷಯ ಹುಡುಕಬೇಡಿ, ನಿಮ್ಮದಾದ ವಿಷಯ ಹುಡುಕಿ. ನೀವು ಕೈಯಾರೆ ಮಾಡಿದ ಒಂದು ಕೆಲಸ, ಬಗೆಹರಿಸಿದ ಒಂದು ತೊಡಕು, ಅಥವಾ ಬಗೆಹರಿಸಲಾಗದೆ ಸೋತ ಒಂದು ಪ್ರಯತ್ನ ಸಾಕು. ಸೋತ ಕಥೆಗೂ ಅಲ್ಲಿ ಬೆಲೆಯಿದೆ. ಅಂಗಡಿಯ ಲೆಕ್ಕಕ್ಕೆ, ಮಸೀದಿಯ ಚಂದಾ ರಸೀದಿಗೆ, ಬೀಡಿ ಕಟ್ಟುವ ತಾಯಂದಿರ ಕೂಲಿ ಲೆಕ್ಕಕ್ಕೆ ನೀವು ಏನಾದರೂ ಮಾಡಿದ್ದರೆ ಅದೇ ವಿಷಯ. ನಮ್ಮ ಸಭೆಗಳಲ್ಲಿ ಅಲ್ ಖ್ವಾರಿಝ್ಮಿಯ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ, ಅಲ್ಗಾರಿದಮ್ ಎಂಬ ಪದ ಅವರ ಹೆಸರಿನಿಂದ ಬಂದದ್ದು ಎನ್ನುತ್ತೇವೆ. ಅದು ನಿಜ. ಆದರೆ ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅವರು ಬೀಜಗಣಿತದ ಗ್ರಂಥ ಬರೆದಾಗ ಅದರ ದೊಡ್ಡದೊಂದು ಭಾಗವನ್ನು ವಾರಸುದಾರಿಕೆಯ ಲೆಕ್ಕಕ್ಕೇ ಮೀಸಲಿಟ್ಟರು. ಆಸ್ತಿ ಹಂಚುವವರ, ವ್ಯಾಪಾರ ಮಾಡುವವರ ಕಣ್ಣೆದುರಿನ ಅಗತ್ಯ ಅವರ ಮನಸ್ಸಿನಲ್ಲಿತ್ತು. ಅವರ ಹೆಸರು ಹೇಳುವಾಗ ಈ ಗುಣವನ್ನೂ ನೆನೆಯಬೇಕು.

ಎರಡನೆಯದಾಗಿ, ಸಾರಾಂಶದಲ್ಲಿ ಮೂರು ಪ್ರಶ್ನೆಗೆ ಉತ್ತರ ಇರಲಿ: ತೊಂದರೆ ಏನು, ನೀವು ಮಾಡಿದ್ದೇನು, ಕೇಳಿದವರು ಮನೆಗೆ ಏನು ಒಯ್ಯುತ್ತಾರೆ. ಮೂರನೆಯದನ್ನು ನಮ್ಮವರು ಮರೆಯುತ್ತಾರೆ. ಪ್ರಸ್ತಾವ ನಿಮ್ಮನ್ನು ಹೊಗಳಿಕೊಳ್ಳುವ ಕಾಗದವಲ್ಲ, ಕೇಳುಗರಿಗೆ ನೀವು ಕೊಡುವ ಮಾತು. ರೂಪರೇಷೆಯಲ್ಲಿ ನಿಮಿಷಗಳ ಲೆಕ್ಕ ಬರೆಯಿರಿ. ಇಪ್ಪತ್ತು ನಿಮಿಷವಾದರೆ ಸಮಸ್ಯೆ ತೋರಿಸಲು ಮೂರು, ಕಾರಣಕ್ಕೆ ಏಳು, ಪರಿಹಾರಕ್ಕೆ ಆರು, ಪ್ರಶ್ನೋತ್ತರಕ್ಕೆ ನಾಲ್ಕು. ಇದು ನಾವು ಬರೆಯುವ ಪಾಠ ಯೋಜನೆಯ ಹಾಗೆಯೇ. ಲೆಕ್ಕ ಬರೆದವರು ತಯಾರಾಗಿದ್ದಾರೆಂದು ಓದುವವರಿಗೆ ತಿಳಿಯುತ್ತದೆ.

ಮೂರನೆಯದಾಗಿ, ಇಂಗ್ಲಿಷಿನ ಭಯ. ಬಹುತೇಕ ಕಡೆ ಪ್ರಸ್ತಾವ ಇಂಗ್ಲಿಷಿನಲ್ಲೇ ಇರಬೇಕು, ಇದನ್ನು ಮುಚ್ಚಿಡುವುದಿಲ್ಲ. ಮೊದಲು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು ವಿಷಯ ಸ್ಪಷ್ಟಮಾಡಿಕೊಳ್ಳಿ. ಆಮೇಲೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ನಿಮ್ಮ ಇಂಗ್ಲಿಷ್ ಅಧ್ಯಾಪಕರಿಗೆ ತೋರಿಸಿ ತಿದ್ದಿಸಿಕೊಳ್ಳಿ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಒಂದು ಹೊಸ ಆಸೆ ಹುಟ್ಟಿದೆ: ಅದಕ್ಕೇ ಹೇಳಿ ಬರೆಸಿಬಿಡೋಣ ಎಂದು. ವ್ಯಾಕರಣ ತಿದ್ದಿಸಿಕೊಳ್ಳಿ, ಅಭ್ಯಂತರವಿಲ್ಲ. ಅದನ್ನು ಸಮ್ಮೇಳನದವರು ಒಪ್ಪುತ್ತಾರೆಯೇ ಎಂದು ನಿಯಮ ಓದಿ. ಆದರೆ ವಿಷಯವನ್ನೇ ಅದರಿಂದ ಬರೆಸಿದರೆ ನನ್ನ ಮೊದಲ ಪ್ರಸ್ತಾವದಂಥದ್ದೇ ಬರುತ್ತದೆ, ಯಾರು ಬೇಕಾದರೂ ಹೇಳಬಹುದಾದದ್ದು. ನಿಮ್ಮ ಅರ್ಕಾವೊತ್ತಿನ ಮೂರು ವಾರ ಅದಕ್ಕೆ ಗೊತ್ತಿಲ್ಲ.

ನಾಲ್ಕನೆಯದಾಗಿ, ಪರಿಚಯ ಬರೆಯುವಾಗ ಸುಳ್ಳೂ ಬೇಡ, ಸಂಕೋಚವೂ ಬೇಡ. ‘ನಾನು ಡಿಪ್ಲೊಮಾ ಎರಡನೆಯ ವರ್ಷದ ವಿದ್ಯಾರ್ಥಿ, ಇದು ನನ್ನ ಮೊದಲ ಉಪನ್ಯಾಸ’ ಎಂದು ಬರೆಯುವುದು ಅವಮಾನವಲ್ಲ. ಮೊದಲ ಬಾರಿ ಮಾತನಾಡುವವರಿಗೆ ಮಾರ್ಗದರ್ಶಕರನ್ನು ಕೊಡುವ ಸಮ್ಮೇಳನಗಳಿವೆ. ಹೆಸರು ಮುಚ್ಚಿಟ್ಟು ಓದುವ ಕಡೆ ಸಾರಾಂಶದೊಳಗೆ ನಿಮ್ಮ ಹೆಸರು, ಕಾಲೇಜಿನ ಹೆಸರು ಬರೆಯಬೇಡಿ.

ಐದನೆಯದಾಗಿ, ಎಚ್ಚರಿಕೆ. ಸಮುದಾಯದವರು ಸೇರಿ ನಡೆಸುವ ಒಳ್ಳೆಯ ಸಮ್ಮೇಳನಗಳು ಪ್ರಸ್ತಾವ ಸ್ವೀಕರಿಸಲು ಹಣ ಕೇಳುವುದಿಲ್ಲ. ‘ನಿಮ್ಮ ಪ್ರಬಂಧ ಆಯ್ಕೆಯಾಗಿದೆ, ಇಂತಿಷ್ಟು ಸಾವಿರ ಕಟ್ಟಿ’ ಎಂದು ನೀವು ಅರ್ಜಿಯನ್ನೇ ಹಾಕದ ಕಡೆಯಿಂದ ಪತ್ರ ಬಂದರೆ ಹಿರಿಯರಿಗೆ ತೋರಿಸದೆ ಒಂದು ಪೈಸೆಯೂ ಕಟ್ಟಬೇಡಿ. ಪ್ರಯಾಣದ ಖರ್ಚು, ವಸತಿ ಸಿಗುತ್ತದೆಯೇ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಆರ್ಥಿಕ ನೆರವಿನ ಅರ್ಜಿ ಕೆಲವೊಮ್ಮೆ ಪ್ರತ್ಯೇಕವಾಗಿರುತ್ತದೆ, ಅದರ ಕೊನೆಯ ದಿನಾಂಕವೂ ಬೇರೆ. ನಮಾಝಿನ ಸಮಯ, ಊಟದ ವಿಷಯ, ಜೊತೆಗೆ ತಂದೆಯೋ ಅಣ್ಣನೋ ಬರುವ ವಿಷಯ, ಯಾವುದಿದ್ದರೂ ಮೊದಲೇ ಸಭ್ಯವಾಗಿ ಬರೆದು ಕೇಳಿ. ಕೇಳುವುದರಿಂದ ಯಾರೂ ಚಿಕ್ಕವರಾಗುವುದಿಲ್ಲ.

ತಾಯಂದಿರಿಗೂ ತಂದೆಯಂದಿರಿಗೂ ಒಂದು ಮಾತು. ಮಗಳನ್ನು ಪರವೂರಿಗೆ ಕಳಿಸುವ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಅರ್ಜಿ ಹಾಕುವುದಕ್ಕೂ ಪ್ರಯಾಣಕ್ಕೂ ನಡುವೆ ತಿಂಗಳುಗಟ್ಟಲೆ ಸಮಯವಿದೆ. ಆಯ್ಕೆಯಾದ ಮೇಲೆ ಕುಳಿತು ಯೋಚಿಸೋಣ. ಅರ್ಜಿಯ ಹಂತದಲ್ಲೇ ಬಾಗಿಲು ಮುಚ್ಚಬೇಡಿ.

ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಮೂರು. ಸಮ್ಮೇಳನಗಳ ಕೊನೆಯ ದಿನಾಂಕಗಳನ್ನು ನಮ್ಮ ಸೂಚನಾ ಫಲಕದಲ್ಲಿ, ವಿದ್ಯಾರ್ಥಿವೇತನದ ಸೂಚನೆಗಳ ಪಕ್ಕದಲ್ಲೇ ಹಾಕಿಸಿ. ತಿಂಗಳಿಗೊಂದು ಸಂಜೆ ಮಕ್ಕಳು ಐದು ನಿಮಿಷ ನಿಂತು ಮಾತನಾಡಿ ಅಭ್ಯಾಸ ಮಾಡಲು ಈ ಸಭಾಂಗಣವನ್ನು ಬಿಟ್ಟುಕೊಡಿ. ಆಯ್ಕೆಯಾದ ಮಗುವಿನ ರೈಲು ಖರ್ಚಿಗೆಂದು ಸಣ್ಣದೊಂದು ಮೊತ್ತ ತೆಗೆದಿಡಿ. ಬಹುಮಾನದ ಶೀಲ್ಡುಗಳಲ್ಲಿ ಎರಡು ಕಡಿಮೆಯಾದರೂ ನಡೆದೀತು.

ವಿದ್ಯಾರ್ಥಿಗಳೆ, ಪ್ರಸ್ತಾವ ಕಳಿಸಿದ ಮಾತ್ರಕ್ಕೆ ಆಯ್ಕೆಯಾಗುತ್ತೀರಿ ಎಂದು ನಾನು ಹೇಳಿಲ್ಲ. ಬಂದ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾಗುವುದೇ ರೂಢಿ, ಅನುಭವಿಗಳದ್ದೂ ಆಗುತ್ತದೆ. ಆದರೆ ಬರೆದ ಪ್ರಸ್ತಾವ ನಿಮ್ಮ ಕೈಯಲ್ಲಿ ಉಳಿಯುತ್ತದೆ, ತಿದ್ದಿ ಇನ್ನೊಂದು ಕಡೆ ಕಳಿಸಬಹುದು. ಬರೆಯದೆ ಬಿಟ್ಟದ್ದನ್ನು ತಿದ್ದಲು ಯಾರಿಂದಲೂ ಆಗುವುದಿಲ್ಲ. ನಿಮ್ಮ ಕೆಲಸದ ಒಂದು ಪ್ರತಿಯನ್ನೂ ಬೇರೆ ಕಡೆ ಇಟ್ಟುಕೊಳ್ಳಿ. ಈ ಪಾಠಕ್ಕೆ ನಾವು ಬೆಲೆ ತೆತ್ತಿದ್ದೇವೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ರಜೆಯ ದಿನಗಳಲ್ಲಿ ಕುಳಿತು ಅವಳು ಆ ಪ್ರೋಗ್ರಾಮನ್ನು ಮೊದಲಿನಿಂದ ಬರೆಯುತ್ತಿದ್ದಾಳೆ. ‘ಸೂರ್ಯ’ ಸರಿಯಾಗಿದೆಯಂತೆ, ‘ಸಾಮರ್ಥ್ಯ’ದ ಕೆಲಸ ಇನ್ನೂ ಸ್ವಲ್ಪ ಬಾಕಿ. ಪ್ರಸ್ತಾವದ ಸಾರಾಂಶ ಮಾತ್ರ ತಯಾರಾಗಿದೆ, ನಾನು ಓದಿದ್ದೇನೆ. ಕೊನೆಯ ದಿನಾಂಕವನ್ನು ಈ ಸಲ ನನ್ನ ಡೈರಿಯಲ್ಲೂ ಬರೆದುಕೊಂಡಿದ್ದೇನೆ. ಇನ್‌ಶಾ ಅಲ್ಲಾಹ್, ಆ ದಿನ ಅದು ಹೋಗುತ್ತದೆ. ಅದರ ಜೊತೆ ನಿಮ್ಮಲ್ಲಿ ಒಬ್ಬಿಬ್ಬರದ್ದಾದರೂ ಹೋಗಲಿ.

ಅಲ್ಲಾಹನು ನಮ್ಮ ಮಕ್ಕಳ ಇಲ್ಮಿನಲ್ಲಿ ಬರಕತ್ ನೀಡಲಿ, ಅದನ್ನು ಹತ್ತು ಜನರಿಗೆ ಉಪಯೋಗವಾಗುವಂತೆ ಹಂಚುವ ಧೈರ್ಯವನ್ನೂ ನೀಡಲಿ. ಆಮೀನ್.

ವಸ್ಸಲಾಮ್.